ಓಡಿದ ಮರುದಿನ ರಕ್ತ ಕೊಡಬೇಡಿ: ದೂರ ಓಡುವವರು ಬ್ಲಡ್ ರಿಪೋರ್ಟ್ ಓದುವ ಬಗೆ

ಭಾನುವಾರ 21 ಕಿಲೋಮೀಟರ್ ಓಡಿದ್ದೆ. ಸೋಮವಾರ ಬೆಳಿಗ್ಗೆ ಆರೂವರೆಗೆ ಲ್ಯಾಬಿನ ಹುಡುಗ ಮನೆಗೆ ಬಂದು ಮೂರು ಟ್ಯೂಬ್ ರಕ್ತ ತೆಗೆದುಕೊಂಡು ಹೋದ. ಆಫೀಸಿನ ವರ್ಷದ ಹೆಲ್ತ್ ಚೆಕಪ್. ಹೇಗೂ ಕಾಲು ನೋಯ್ತಿದೆ, ಇವತ್ತು ಓಡೋದಿಲ್ಲ, ಈ ಕೆಲಸ ಮುಗಿಸಿಬಿಡೋಣ ಅನ್ನುವುದು ನನ್ನ ಲೆಕ್ಕ. ಸಂಜೆ ಮೊಬೈಲಿಗೆ ರಿಪೋರ್ಟ್ ಬಂತು. ಲಿವರ್ ಟೆಸ್ಟಿನ ಎಸ್‌ಜಿಒಟಿ 94, ಎಸ್‌ಜಿಪಿಟಿ 58, ಕಿಡ್ನಿಯ ಲೆಕ್ಕ ಹೇಳುವ ಕ್ರಿಯಾಟಿನಿನ್ 1.4. ಮೂರೂ ಕೆಂಪು ಅಕ್ಷರದಲ್ಲಿ.

ಅಮ್ಮ ಕನ್ನಡಕ ಹಾಕಿಕೊಂಡು ನೋಡಿದರು. "ಓಡಿ ಓಡಿ ಲಿವರ್ರೂ ಹೋಯ್ತು, ಕಿಡ್ನಿನೂ ಹೋಯ್ತು" ಅಂದರು. ಫೋನಿನಲ್ಲಿ ಸಿಕ್ಕ ಡಾಕ್ಟರ್ "ವಾರಕ್ಕೆ ಎಷ್ಟು ಡ್ರಿಂಕ್ಸ್?" ಅಂತ ಕೇಳಿದರು. ನಾನು ಕುಡಿಯುವುದು ಫಿಲ್ಟರ್ ಕಾಫಿ ಮಾತ್ರ. ನಿನ್ನೆ ಏನು ಮಾಡಿದ್ರಿ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹನ್ನೊಂದು ದಿನ ಬಿಟ್ಟು ಮತ್ತೆ ರಕ್ತ ಕೊಟ್ಟೆ. 29, 27, 1.0. ಔಷಧಿ ಇಲ್ಲ, ಪಥ್ಯ ಇಲ್ಲ. ಸುಮ್ನೆ ಮನೆಯಲ್ಲಿ ಕೂತಿದ್ದೆ, ಅಷ್ಟೆ.

ನಾನು ಡಾಕ್ಟರ್ ಅಲ್ಲ. ಆದರೆ ಆಮೇಲಿನ ವರ್ಷಗಳಲ್ಲಿ ಓಟದ ಗೆಳೆಯರ ರಿಪೋರ್ಟುಗಳನ್ನು ನೋಡಿ, ಡಾಕ್ಟರ್‌ಗಳನ್ನು ಪೀಡಿಸಿ, ಓದಿ ಕಲಿತದ್ದು ಸಾಕಷ್ಟಿದೆ. ಇದರಲ್ಲಿ ಎರಡು ತಪ್ಪು ಮಾಡಬಹುದು. ಓಟದಿಂದ ಏರಿದ ಸಂಖ್ಯೆಯನ್ನು ಕಾಯಿಲೆ ಅಂದುಕೊಳ್ಳುವುದು ಒಂದು. ನಿಜವಾದ ಕಾಯಿಲೆಯನ್ನು "ಅಯ್ಯೋ, ಓಟದಿಂದ ಬಿಡಿ" ಅಂತ ತಳ್ಳಿಹಾಕುವುದು ಇನ್ನೊಂದು. ಮೊದಲನೆಯದರಲ್ಲಿ ದುಡ್ಡು, ನಿದ್ದೆ ಹೋಗುತ್ತದೆ. ಎರಡನೆಯದರಲ್ಲಿ ಜಾಸ್ತಿ ಹೋಗಬಹುದು.

ಹೆಜ್ಜೆ 1: ಕ್ಯಾಲೆಂಡರ್ ತೆಗೆಯಿರಿ

ನಾನು ಇಟ್ಟುಕೊಂಡಿರುವ ಲೆಕ್ಕ ಹೀಗಿದೆ. ಮಾಮೂಲಿ ಐದು ಹತ್ತು ಕಿಲೋಮೀಟರ್ ನಿಧಾನದ ಓಟ ಆಗಿದ್ದರೆ ಎರಡು ದಿನ ಬಿಡಿ. ಭಾನುವಾರದ ಲಾಂಗ್ ರನ್ ಆದಮೇಲೆ ನಾಲ್ಕೈದು ದಿನ. ಹಾಫ್ ಮ್ಯಾರಥಾನ್ ಆದಮೇಲೆ ಒಂದು ವಾರ, ಸಾಧ್ಯವಾದರೆ ಹತ್ತು ದಿನ. ಫುಲ್ ಮ್ಯಾರಥಾನ್ ಅಥವಾ ಅದಕ್ಕೂ ದೂರದ ಅಲ್ಟ್ರಾ ಓಡಿದ್ದರೆ ಎರಡು ವಾರ. ಆ ಮಧ್ಯೆ ಜೋರು ವ್ಯಾಯಾಮ ಮಾಡಿದರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು.

ದೂರ ಒಂದೇ ಅಲ್ಲ, ಇಳಿಜಾರೂ ಮುಖ್ಯ. ನಂದಿ ಬೆಟ್ಟ ಹತ್ತುವಾಗ ಏದುಸಿರು ಬರುತ್ತದೆ, ಆದರೆ ತೊಡೆಯ ಸ್ನಾಯುಗಳಿಗೆ ಪೆಟ್ಟು ಬೀಳುವುದು ಓಡುತ್ತಾ ಇಳಿಯುವಾಗ. ಸ್ನಾಯು ಉದ್ದಕ್ಕೆ ಹಿಗ್ಗುತ್ತಲೇ ಭಾರ ಹೊರಬೇಕಾದಾಗ ಅದರ ನಾರುಗಳು ಹೆಚ್ಚು ಹರಿಯುತ್ತವೆ. ಮರುದಿನ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳುತ್ತೀರಲ್ಲ, ಅದೇ ಸೂಚನೆ. ಆ ನೋವು ಪೂರ್ತಿ ಹೋಗುವ ತನಕ ಲ್ಯಾಬಿಗೆ ಫೋನ್ ಮಾಡಬೇಡಿ. ಜಿಮ್‌ಗೆ ಹೊಸದಾಗಿ ಸೇರಿದವರಿಗೂ ಇದೇ ಮಾತು.

ಚೆಕಪ್ಪಿಗೆ ಒಳ್ಳೆಯ ಕಾಲ ಅಂದರೆ ಓಟ ಕಡಿಮೆ ಮಾಡುವ ವಾರದ ಕೊನೆ. ಇದೆಲ್ಲ ಆರಾಮಾಗಿ ಇರುವವರ ವರ್ಷಕ್ಕೊಮ್ಮೆಯ ಟೆಸ್ಟಿಗೆ. ಮೈ ಸರಿಯಿಲ್ಲ ಅಂತ ಡಾಕ್ಟರ್ ಇವತ್ತೇ ರಕ್ತ ಕೊಡಿ ಅಂದರೆ ಇವತ್ತೇ ಕೊಡಿ. ಓಡಿದ್ದನ್ನು ಮಾತ್ರ ಹೇಳಿ.

ಹೆಜ್ಜೆ 2: ಹಿಂದಿನ ಸಂಜೆ ಮತ್ತು ಆ ಬೆಳಿಗ್ಗೆ

"ಹೇಗೂ ಖಾಲಿ ಹೊಟ್ಟೇಲಿ ಇದ್ದೀನಿ, ಲ್ಯಾಬಿನವರು ಬರೋದು ಎಂಟಕ್ಕೆ, ಒಂದು ಐದು ಕಿಲೋಮೀಟರ್ ಮುಗಿಸಿ ಬರ್ತೀನಿ." ಇದನ್ನು ನಾನೇ ಮಾಡಿದ್ದೇನೆ. ಬೇಡ. ಓಡಿ ಬಂದ ತಕ್ಷಣ ಬೆವರಿನಿಂದ ರಕ್ತ ಗಟ್ಟಿಯಾಗಿರುತ್ತದೆ, ಬಿಳಿ ರಕ್ತಕಣ ಏರಿರುತ್ತವೆ, ಜೋರಾಗಿ ಓಡಿದ್ದರೆ ಫಾಸ್ಟಿಂಗ್ ಶುಗರ್ ಕೂಡ ಏರಿರಬಹುದು.

ಉಪವಾಸ ಅಂದರೆ ನೀರೂ ಬಿಡಬೇಕು ಅಂತ ತುಂಬಾ ಜನ ತಿಳಿದಿದ್ದಾರೆ. ನೀರು ಕುಡಿಯಬಹುದು, ಕುಡಿಯಬೇಕು. ರಕ್ತ ಕೊಡುವ ಮೊದಲು ಹತ್ತು ನಿಮಿಷ ಕುರ್ಚಿಯಲ್ಲಿ ಕೂತಿರಿ. ನಿಂತಾಗ ರಕ್ತದ ನೀರಿನಂಶ ಸ್ವಲ್ಪ ರಕ್ತನಾಳದಿಂದ ಹೊರಗೆ ಜಾರಿ ಕೆಲವು ಸಂಖ್ಯೆಗಳು ಏರುತ್ತವೆ. ಹಿಂದಿನ ರಾತ್ರಿ ಭರ್ಜರಿ ಮಟನ್ ಊಟ ಬೇಡ, ಕ್ರಿಯಾಟಿನಿನ್ ಏರುತ್ತದೆ. ಜಿಮ್‌ನವರು ಕೊಟ್ಟ ಕ್ರಿಯೇಟಿನ್ ಪುಡಿ ತಿನ್ನುತ್ತಿದ್ದರೆ ಅದನ್ನೂ ಡಾಕ್ಟರ್‌ಗೆ ಹೇಳಿ, ಅದೂ ಕ್ರಿಯಾಟಿನಿನ್ ಏರಿಸುತ್ತದೆ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಗೊಳ್ಳುವವರು ಅದನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಲ್ಯಾಬಿನಲ್ಲಿ ಕೇಳಿ. ಥೈರಾಯ್ಡ್ ಟೆಸ್ಟನ್ನು ಅದು ಅಡ್ಡದಾರಿಗೆ ಎಳೆಯುತ್ತದೆ.

ಇನ್ನೊಂದು. ಫಾರ್ಮಿನಲ್ಲಿ ಜಾಗ ಇಲ್ಲದಿದ್ದರೂ ಅಂಚಿನಲ್ಲಿ ಬರೆಯಿರಿ: "ಕೊನೆಯ ದೂರದ ಓಟ ಇಂಥ ದಿನ, ಇಷ್ಟು ಕಿಲೋಮೀಟರ್." ಲ್ಯಾಬಿನವರು ಓದದೇ ಇರಬಹುದು. ಆರು ತಿಂಗಳಾದ ಮೇಲೆ ಹಳೇ ರಿಪೋರ್ಟ್ ತೆಗೆದಾಗ ನಿಮಗೇ ಬೇಕಾಗುತ್ತದೆ.

ಹೆಜ್ಜೆ 3: ಲಿವರ್ ಅಂತ ಬರೆದಿರುವುದೆಲ್ಲ ಲಿವರ್ ಅಲ್ಲ

ನನ್ನನ್ನು ಹೆದರಿಸಿದ್ದು ಇದೇ ಭಾಗ. ಎಸ್‌ಜಿಒಟಿಗೆ ಎಎಸ್‌ಟಿ ಅಂತಲೂ, ಎಸ್‌ಜಿಪಿಟಿಗೆ ಎಎಲ್‌ಟಿ ಅಂತಲೂ ಕರೆಯುತ್ತಾರೆ. ರಿಪೋರ್ಟಿನಲ್ಲಿ ಮೇಲೆ ದಪ್ಪಕ್ಷರದಲ್ಲಿ ಲಿವರ್ ಫಂಕ್ಷನ್ ಟೆಸ್ಟ್ ಅಂತ ಇರುತ್ತದೆ. ಆದರೆ ಎಸ್‌ಜಿಒಟಿ ಸ್ನಾಯುವಿನಲ್ಲಿ ಧಾರಾಳವಾಗಿದೆ. ಎಸ್‌ಜಿಪಿಟಿಯೂ ಇದೆ, ಸ್ವಲ್ಪ ಕಡಿಮೆ. ದೂರ ಓಡಿದಾಗ ಸ್ನಾಯುವಿನ ನಾರು ಹರಿದು ಇವೆರಡೂ ರಕ್ತಕ್ಕೆ ಸೋರುತ್ತವೆ. ಲಿವರ್ ಪಾಪ ತನ್ನ ಪಾಡಿಗೆ ಇರುತ್ತದೆ.

ಈಗ ಆ ಡಾಕ್ಟರ್ ಪ್ರಶ್ನೆಗೆ ಬರೋಣ. ಓಟದ ಮರುದಿನ ಎಸ್‌ಜಿಒಟಿ ಜಾಸ್ತಿ, ಎಸ್‌ಜಿಪಿಟಿ ಅದಕ್ಕಿಂತ ಕಡಿಮೆ. ಮದ್ಯದಿಂದ ಲಿವರ್ ಕೆಟ್ಟವರಲ್ಲೂ ಕಾಣುವುದು ಇದೇ ಜೋಡಿ. ಅವರು ಕೇಳಿದ್ದು ಸರಿಯಾಗೇ ಇತ್ತು. ಆಗ ನನಗೆ ಸಿಟ್ಟು ಬಂದಿತ್ತು, ಈಗ ಇಲ್ಲ.

ಹಾಗಾದರೆ ಬೇರೆ ಮಾಡುವುದು ಹೇಗೆ? ಅದೇ ಪುಟದಲ್ಲಿ ಜಿಜಿಟಿ ಅಂತ ಒಂದು ಸಾಲು ಇರುತ್ತದೆ. ಅದು ಸ್ನಾಯುವಿನಿಂದ ಸೋರುವ ವಸ್ತು ಅಲ್ಲ. ಜಿಜಿಟಿ, ಆಲ್ಕಲೈನ್ ಫಾಸ್ಫಟೇಸ್, ಡೈರೆಕ್ಟ್ ಬಿಲಿರುಬಿನ್ ಮೂರೂ ಗೆರೆಯೊಳಗೆ, ಅಂದರೆ ಲ್ಯಾಬಿನ ನಾರ್ಮಲ್ ಮಿತಿಯೊಳಗೆ ಇದ್ದು, ಎಸ್‌ಜಿಒಟಿ ಮಾತ್ರ ಹಾರಿದ್ದರೆ ಅನುಮಾನ ಸ್ನಾಯುವಿನ ಮೇಲೆ. ಖಚಿತ ಮಾಡಿಕೊಳ್ಳಲು ಸಿಪಿಕೆ ಟೆಸ್ಟ್ ಇದೆ. ಹೆಲ್ತ್ ಪ್ಯಾಕೇಜುಗಳಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ, ಬೇರೆ ಕೇಳಬೇಕು.

ಸಿಪಿಕೆ ಪಕ್ಕಾ ಸ್ನಾಯುವಿನ ಲೆಕ್ಕ. ಲ್ಯಾಬುಗಳ ಮೇಲಿನ ಗೆರೆ ಗಂಡಸರಿಗೆ ಸುಮಾರು 200ರ ಆಸುಪಾಸು. ಮ್ಯಾರಥಾನ್ ಓಡಿದವರಲ್ಲಿ ಮರುದಿನ ಅದು ಸಾವಿರ ದಾಟುವುದು, ಕೆಲವು ಸಾವಿರ ಮುಟ್ಟುವುದು ಅಪರೂಪ ಅಲ್ಲ. ಮೊದಲ ಒಂದೆರಡು ದಿನದಲ್ಲಿ ತುದಿ ಮುಟ್ಟಿ, ಆಮೇಲೆ ಸುಮಾರು ಒಂದೂವರೆ ದಿನಕ್ಕೊಮ್ಮೆ ಅರ್ಧ ಅರ್ಧ ಇಳಿಯುತ್ತಾ ಬರುತ್ತದೆ. ದಿನಾ ಓಡುವವರಲ್ಲಿ ವಿಶ್ರಾಂತಿಯ ದಿನವೂ ಗೆರೆಗಿಂತ ಸ್ವಲ್ಪ ಮೇಲೇ ಇರಬಹುದು.

ಒಂದು ಕಿತಾಪತಿ ಇದೆ. ಎಸ್‌ಜಿಒಟಿ ರಕ್ತದಿಂದ ಬೇಗ ಖಾಲಿಯಾಗುತ್ತದೆ, ಎಸ್‌ಜಿಪಿಟಿ ನಿಧಾನ. ಹಾಗಾಗಿ ರೇಸ್ ಓಡಿದ ನಾಲ್ಕೈದು ದಿನಕ್ಕೆ ಟೆಸ್ಟ್ ಮಾಡಿಸಿದರೆ ಎಸ್‌ಜಿಪಿಟಿಯೇ ಮೇಲಿರಬಹುದು. ಆಗ ಅದು ಫ್ಯಾಟಿ ಲಿವರ್ ತರಹ ಕಾಣುತ್ತದೆ. ಅದಕ್ಕೇ ನಾಲ್ಕು ದಿನಕ್ಕೆ ಅವಸರಪಟ್ಟು ರಿಪೀಟ್ ಮಾಡಿಸಬೇಡಿ. ಹತ್ತು ದಿನ ಬಿಡಿ.

ಹತ್ತು ಹದಿನಾಲ್ಕು ದಿನ ಸುಮ್ಮನಿದ್ದರೂ ಇಳಿಯಲಿಲ್ಲವೇ? ಜಿಜಿಟಿಯೂ ಜಾಸ್ತಿ ಇದೆಯೇ? ಆಗ ಓಟದ ಹೆಸರು ಹೇಳಬೇಡಿ. ತೆಳ್ಳಗೆ ಇರುವವರಿಗೂ, ಓಡುವವರಿಗೂ ಫ್ಯಾಟಿ ಲಿವರ್ ಬರುತ್ತದೆ. ಹೊಟ್ಟೆಯ ಸ್ಕ್ಯಾನ್, ಹೆಪಟೈಟಿಸ್ ಬಿ ಮತ್ತು ಸಿ ಟೆಸ್ಟ್ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ. ಕೊಲೆಸ್ಟರಾಲಿಗೆ ಸ್ಟಾಟಿನ್ ಮಾತ್ರೆ ತಗೊಳ್ಳುವವರಲ್ಲಿ ಸಿಪಿಕೆ ಇನ್ನೂ ಏರಬಹುದು. ಅದನ್ನು ಹೇಳಿ, ಆದರೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಹೆಜ್ಜೆ 4: ಕಿಡ್ನಿ ಮತ್ತು ಮೂತ್ರದ ಸಾಲುಗಳು

ಓಡುವಾಗ ದೇಹ ರಕ್ತವನ್ನು ಕಾಲಿಗೂ ಚರ್ಮಕ್ಕೂ ಕಳಿಸುತ್ತದೆ. ಕಿಡ್ನಿಯ ಪಾಲು ಕಡಿಮೆಯಾಗುತ್ತದೆ. ಮೇಲಿಂದ ಬೆವರು. ಕ್ರಿಯಾಟಿನಿನ್ ಏರುತ್ತದೆ, ಯೂರಿಕ್ ಆಸಿಡ್ ಕೂಡ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತವೆ. ರಿಪೋರ್ಟಿನಲ್ಲಿರುವ ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವ ಅಂದಾಜು) ಅನ್ನುವುದು ಬೇರೆ ಟೆಸ್ಟ್ ಅಲ್ಲ, ಕ್ರಿಯಾಟಿನಿನ್ ಸಂಖ್ಯೆಯನ್ನೇ ಒಂದು ಸೂತ್ರಕ್ಕೆ ಹಾಕಿ ತೆಗೆದದ್ದು. ಅದು ಏರಿದರೆ ಇದು ಬೀಳುತ್ತದೆ. ಎರಡು ಕಾಯಿಲೆ ಅಂತ ಲೆಕ್ಕ ಹಾಕಬೇಡಿ. ಸ್ನಾಯು ತುಂಬಿದ ಮೈಕಟ್ಟು ಇರುವವರಲ್ಲಿ ಅನುಮಾನ ಉಳಿದರೆ ಡಾಕ್ಟರ್ ಸಿಸ್ಟಾಟಿನ್ ಸಿ ಅನ್ನುವ ಇನ್ನೊಂದು ಕಿಡ್ನಿ ಟೆಸ್ಟ್ ಬರೆದುಕೊಡಬಹುದು. ಸ್ನಾಯು ಎಷ್ಟಿದೆ ಅನ್ನುವುದು ಅದನ್ನು ಅಷ್ಟಾಗಿ ಬದಲಿಸುವುದಿಲ್ಲ.

ಮೂತ್ರದಲ್ಲಿ ಪ್ರೋಟೀನ್, ಕೆಂಪು ರಕ್ತಕಣ ಕಾಣುವುದೂ ದೂರದ ಓಟದ ನಂತರ ಮಾಮೂಲಿ. ಎರಡು ಮೂರು ದಿನ ಬಿಟ್ಟು ಮತ್ತೆ ಟೆಸ್ಟ್ ಮಾಡಿಸಿ. ಆಗಲೂ ಇದ್ದರೆ ಅದು ಓಟದ್ದಲ್ಲ, ತೋರಿಸಿ.

ಓಟಕ್ಕೆ ಮೊದಲು "ಮಂಡಿ ನೋಯಬಾರದು" ಅಂತ ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗುವ ಚಾಳಿ ನಮ್ಮಲ್ಲಿ ವಿಪರೀತ. ನೀರು ಕಡಿಮೆಯಾದ ಮೈಗೆ ಈ ಮಾತ್ರೆ ಬಿದ್ದರೆ ಕಿಡ್ನಿಗೆ ಬರುವ ಅಷ್ಟಿಷ್ಟು ರಕ್ತಕ್ಕೂ ಕತ್ತರಿ. ದಯವಿಟ್ಟು ಬಿಟ್ಟುಬಿಡಿ.

ಹೆಜ್ಜೆ 5: ಹಿಮೋಗ್ಲೋಬಿನ್. ಇಲ್ಲಿ ನಿಧಾನಿಸಿ

ಮೇಲಿನವುಗಳಲ್ಲಿ ಹೆಚ್ಚಿನವು ತಾನಾಗಿ ಇಳಿಯುವ ಸಂಖ್ಯೆಗಳು. ಓಟಗಾರರನ್ನು ನಿಜವಾಗಿ ಕಾಡುವುದು ಕಬ್ಬಿಣಾಂಶ.

ಕೆಲವು ತಿಂಗಳು ಸತತವಾಗಿ ಓಡಿದವರ ರಕ್ತದಲ್ಲಿ ನೀರಿನಂಶ ಜಾಸ್ತಿಯಾಗುತ್ತದೆ. ಸಾರಿಗೆ ಎರಡು ಸೌಟು ನೀರು ಹೆಚ್ಚು ಬಿಟ್ಟ ಹಾಗೆ. ಬೇಳೆ ಅಷ್ಟೇ ಇದೆ, ಸಾರು ತೆಳು. ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ ತೋರುತ್ತದೆ, ಆದರೆ ಒಟ್ಟು ಹಿಮೋಗ್ಲೋಬಿನ್ ಕಡಿಮೆ ಆಗಿರುವುದಿಲ್ಲ. ಇದು ಕಾಯಿಲೆ ಅಲ್ಲ, ಮೈ ಓಟಕ್ಕೆ ಒಗ್ಗಿಕೊಂಡ ಗುರುತು.

ಬೇಳೆಯೇ ಕಡಿಮೆಯಾದರೆ? ಅದನ್ನು ತಿಳಿಸುವುದು ಫೆರಿಟಿನ್, ಅಂದರೆ ದೇಹದ ಕಬ್ಬಿಣದ ಉಗ್ರಾಣದ ಲೆಕ್ಕ. ಹಿಮೋಗ್ಲೋಬಿನ್ ಬೀಳುವ ಎಷ್ಟೋ ಮೊದಲೇ ಇದು ಬೀಳುತ್ತದೆ. ಹಿಮೋಗ್ಲೋಬಿನ್ ಗಂಡಸರಲ್ಲಿ 13ಕ್ಕಿಂತ, ಗರ್ಭಿಣಿಯಲ್ಲದ ಹೆಂಗಸರಲ್ಲಿ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಫೆರಿಟಿನ್ 15ಕ್ಕಿಂತ ಕಡಿಮೆಯಾದರೆ ಕಬ್ಬಿಣದ ಕೊರತೆ. ಕ್ರೀಡಾ ವೈದ್ಯರಲ್ಲಿ ಅನೇಕರು ಓಟಗಾರರಿಗೆ 30ರ ಹತ್ತಿರ ಬಂದಾಗಲೇ ಎಚ್ಚರಿಸುತ್ತಾರೆ. "ಹಿಮೋಗ್ಲೋಬಿನ್ 12.4 ಇದೆ, ನಾರ್ಮಲ್" ಅಂತ ಸಮಾಧಾನ ಮಾಡಿಕೊಂಡು, ಫೆರಿಟಿನ್ 9 ಇಟ್ಟುಕೊಂಡು, ಮೆಟ್ಟಿಲು ಹತ್ತಲಾರದೆ ಒದ್ದಾಡಿದ ಗೆಳತಿ ಒಬ್ಬಳಿದ್ದಾಳೆ. ಹೊಸ ಶೂ, ಹೊಸ ಕೋಚ್, ಎಲ್ಲ ಬದಲಿಸಿದಳು. ಬೇಕಿದ್ದದ್ದು ಒಂದು ಟೆಸ್ಟ್.

ಕಬ್ಬಿಣ ಎಲ್ಲಿ ಹೋಗುತ್ತದೆ? ಒಂದೊಂದು ಹೆಜ್ಜೆ ನೆಲಕ್ಕೆ ಬಡಿದಾಗಲೂ ಪಾದದಲ್ಲಿ ಒಂದಷ್ಟು ಕೆಂಪು ರಕ್ತಕಣ ಒಡೆಯುತ್ತವೆ. ಇದು ಇವತ್ತಿನ ಓಟಗಾರರ ಕಥೆಯಲ್ಲ. 1881ರಲ್ಲಿ ಫ್ಲೈಷರ್ ಅನ್ನುವ ಜರ್ಮನ್ ವೈದ್ಯರು ದೂರ ನಡೆದ ಸೈನಿಕನೊಬ್ಬನ ಮೂತ್ರ ಕೆಂಪಾಗಿದ್ದನ್ನು ದಾಖಲಿಸಿದ್ದರು. ಬೆವರಿನಲ್ಲಿ ಸ್ವಲ್ಪ ಹೋಗುತ್ತದೆ. ದೂರದ ಓಟದಲ್ಲಿ ಕರುಳಿನಿಂದಲೂ ಚೂರು ರಕ್ತ ಜಿನುಗುತ್ತದೆ. ಹೆಂಗಸರಿಗೆ ಮುಟ್ಟಿನ ಲೆಕ್ಕ ಬೇರೆ. ಮಾಂಸ ತಿನ್ನದವರಿಗೆ ಒಳಗೆ ಬರುವುದೂ ಕಡಿಮೆ.

ಫೆರಿಟಿನ್ ವಿಷಯದಲ್ಲಿ ಎಚ್ಚರ ಬೇಕಾದ್ದು ಇಲ್ಲಿ: ಮೈಯಲ್ಲಿ ಊತ, ಉರಿ, ಜ್ವರ ಇದ್ದಾಗ ಅದು ಸುಳ್ಳೇ ಏರುತ್ತದೆ. ರೇಸ್ ಆದ ಮೂರನೇ ದಿನ ಟೆಸ್ಟ್ ಮಾಡಿಸಿದರೆ ಖಾಲಿ ಉಗ್ರಾಣವೂ ಅರ್ಧ ತುಂಬಿದಂತೆ ಕಾಣಬಹುದು. ಲಿವರ್ ಸಂಖ್ಯೆಗಳಿಗೆ ಓಟ ಸುಳ್ಳು ಗಾಬರಿ ಕೊಟ್ಟರೆ, ಇಲ್ಲಿ ಸುಳ್ಳು ಧೈರ್ಯ ಕೊಡುತ್ತದೆ.

ಡಾಕ್ಟರ್ ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಹೊತ್ತು ನೋಡಿಕೊಳ್ಳಿ. ಜೋರಾಗಿ ಓಡಿದ ಮೂರರಿಂದ ಆರು ಗಂಟೆಯ ಅವಧಿಯಲ್ಲಿ ಹೆಪ್ಸಿಡಿನ್ ಅನ್ನುವ ಹಾರ್ಮೋನ್ ಏರಿ ಕರುಳಿನ ಬಾಗಿಲು ಅರ್ಧ ಮುಚ್ಚುತ್ತದೆ. ಬೆಳಿಗ್ಗೆ ಓಡುವವರು ಓಡುವ ಮೊದಲು ಅಥವಾ ಓಡಿದ ಅರ್ಧ ಗಂಟೆಯೊಳಗೆ ತಗೊಂಡರೆ ಒಳ್ಳೆಯದು. ನಿಂಬೆ ಪಾನಕದ ಜೊತೆ ತಗೊಳ್ಳಿ. ನಮ್ಮ ಬೆಂಗಳೂರಿನ ಪದ್ಧತಿ ಗೊತ್ತಲ್ಲ, ಕಬ್ಬನ್ ಪಾರ್ಕಿನಲ್ಲಿ ಓಟ ಮುಗಿದರೆ ನೇರ ದರ್ಶಿನಿಗೆ, ಇಡ್ಲಿ ವಡೆ, ಮೇಲೆ ಸ್ಟ್ರಾಂಗ್ ಕಾಫಿ. ಕಾಫಿಯ ಜೊತೆ ಮಾತ್ರೆ ನುಂಗಿದರೆ ಬಹುಪಾಲು ವ್ಯರ್ಥ. ಟೀಯೂ ಹಾಗೇ. ಒಂದೆರಡು ಗಂಟೆ ಅಂತರ ಇರಲಿ.

ಟೆಸ್ಟ್ ಮಾಡಿಸದೆ ಕಬ್ಬಿಣ ನುಂಗಬೇಡಿ. ನಮ್ಮ ದೇಶದಲ್ಲಿ ಥಲಸ್ಸೀಮಿಯಾ ಟ್ರೇಟ್ (ಹುಟ್ಟಿನಿಂದಲೇ ಬರುವ ರಕ್ತದ ಒಂದು ಗುಣ) ಇರುವವರು ಬೇಕಾದಷ್ಟು ಜನ ಇದ್ದಾರೆ. ಅವರ ಕೆಂಪು ಕಣ ಚಿಕ್ಕದಾಗಿ, ಎಂಸಿವಿ, ಅಂದರೆ ಕಣದ ಗಾತ್ರದ ಅಳತೆ, ಕಡಿಮೆ ಇರುತ್ತದೆ. ಕಬ್ಬಿಣದ ಕೊರತೆಯಂತೆಯೇ ಕಾಣುತ್ತದೆ, ಆದರೆ ಫೆರಿಟಿನ್ ಸರಿಯಾಗಿರುತ್ತದೆ. ಸಸ್ಯಾಹಾರಿಗಳು ಜೊತೆಗೆ ಬಿ12 ಕೂಡ ನೋಡಿಸಿ. ರಕ್ತದಾನ ಮಾಡುವ ಓಟಗಾರರೂ ಫೆರಿಟಿನ್ ಮೇಲೆ ಕಣ್ಣಿಡಿ. ನಮ್ಮಲ್ಲಿ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಆದರೆ ಉಗ್ರಾಣ ತುಂಬಲು ಅಷ್ಟು ಸಮಯ ಸಾಲದೆಯೂ ಇರಬಹುದು.

ಹೆಜ್ಜೆ 6: ಉಳಿದವು, ಬೇಗ ಬೇಗ

ಬಿಳಿ ರಕ್ತಕಣ: ಮೇಲಿನ ಗೆರೆ 11 ಸಾವಿರದ ಹತ್ತಿರ. ಮ್ಯಾರಥಾನ್ ಮುಗಿದ ಕೂಡಲೇ 15 ಸಾವಿರ, ಅದಕ್ಕೂ ಮೇಲೆ ಇರಬಹುದು. ಒಂದೆರಡು ದಿನದಲ್ಲಿ ಇಳಿಯುತ್ತದೆ. ಸಿಆರ್‌ಪಿಯೂ (ಮೈಯೊಳಗಿನ ಊತ, ಉರಿಯ ಅಳತೆ) ಮರುದಿನ ಏರಿ ಕೆಲವು ದಿನದಲ್ಲಿ ಇಳಿಯುತ್ತದೆ.

ಕೊಲೆಸ್ಟರಾಲ್ ಪುಟದಲ್ಲಿ ಟ್ರೈಗ್ಲಿಸರೈಡ್ ದೂರದ ಓಟದ ನಂತರ ಒಂದೆರಡು ದಿನ ಕಡಿಮೆ ತೋರುತ್ತದೆ. ಖುಷಿಪಡುವ ಮೊದಲು ತಾರೀಖು ನೋಡಿ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್ ಅನ್ನುತ್ತಾರಲ್ಲ, ಅದು) ಮಾತ್ರ ಓಟಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. "ನಾನು ಮ್ಯಾರಥಾನ್ ಓಡ್ತೀನಿ, ನಂಗೇನಾಗುತ್ತೆ" ಅನ್ನುವವರ ಎಲ್‌ಡಿಎಲ್ 180 ಇರುವುದನ್ನು ನೋಡಿದ್ದೇನೆ. ಅದು ಕೆಂಪು ಇದ್ದರೆ ಕೆಂಪೇ.

ಮೂರು ತಿಂಗಳ ಶುಗರ್, ಅಂದರೆ ಎಚ್‌ಬಿಎ1ಸಿ, ಕೆಂಪು ಕಣದ ಆಯುಸ್ಸನ್ನು ನಂಬಿಕೊಂಡ ಟೆಸ್ಟ್. ಕಣಗಳು ಬೇಗ ಒಡೆಯುತ್ತಿದ್ದರೆ ಇದು ಕಡಿಮೆ ತೋರಬಹುದು. ಕಬ್ಬಿಣದ ಕೊರತೆ ಇದ್ದರೆ ಜಾಸ್ತಿ ತೋರಬಹುದು. ಮಧುಮೇಹದ ಅನುಮಾನ ಇದ್ದರೆ ಇದೊಂದನ್ನೇ ನೆಚ್ಚದೆ ಫಾಸ್ಟಿಂಗ್ ಮತ್ತು ಊಟದ ನಂತರದ ಶುಗರ್ ಕೂಡ ನೋಡಿಸಿ.

ಹೆಜ್ಜೆ 7: ಕಾಯಬಾರದ ಹೊತ್ತು

ಹತ್ತು ದಿನ ಕಾಯಿರಿ ಅಂತ ಇಷ್ಟು ಹೊತ್ತು ಹೇಳಿದೆ. ಕಾಯಬಾರದ ಸಂದರ್ಭಗಳೂ ಇವೆ.

ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ, ತೊಡೆ ಕಲ್ಲಿನಂತೆ ಬಿಗಿದು, ಕಾಲು ಎತ್ತಲು ಆಗದಿದ್ದರೆ ಅದು ಬರೀ ಓಟದ ನೋವಲ್ಲ. ಸ್ನಾಯು ವಿಪರೀತ ಒಡೆದು ಅದರ ಕಸ ಕಿಡ್ನಿಯನ್ನು ಕಟ್ಟುತ್ತಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಎದೆನೋವು. ಹೃದಯಾಘಾತ ಪತ್ತೆಗೆ ನೋಡುವ ಟ್ರೋಪೋನಿನ್ ದೂರ ಓಡಿದ ಆರೋಗ್ಯವಂತರಲ್ಲೂ ಏರುತ್ತದೆ, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಇದು ನಿಜ. ಆದರೆ ಇದನ್ನು ಓದಿಕೊಂಡು ಎದೆನೋವನ್ನು ಮನೆಯಲ್ಲೇ ನುಂಗಿ ಕೂರಬೇಡಿ. ಇಸಿಜಿ ನೋಡಿ, ಕೆಲವು ಗಂಟೆ ಬಿಟ್ಟು ಮತ್ತೆ ರಕ್ತ ನೋಡಿ ತೀರ್ಮಾನ ಮಾಡುವುದು ಡಾಕ್ಟರ್ ಕೆಲಸ.

ಇನ್ನು ಸೋಡಿಯಂ, ಅಂದರೆ ರಕ್ತದ ಉಪ್ಪಿನಂಶ. ಓಟದಲ್ಲಿ ನೀರು ಕಡಿಮೆ ಕುಡಿಯುವುದು ಮಾತ್ರ ತಪ್ಪು ಅಂತ ನಾವೆಲ್ಲ ನಂಬಿದ್ದೇವೆ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ 13 ಶೇಕಡಾ ಜನರಲ್ಲಿ ಸೋಡಿಯಂ 135 ಅಥವಾ ಅದಕ್ಕಿಂತ ಕಡಿಮೆ, ಅಂದರೆ ಇರಬೇಕಾದ್ದಕ್ಕಿಂತ ಕೆಳಗೆ ಇತ್ತು. ಹೆಚ್ಚಿನವರು ದಾರಿಯುದ್ದಕ್ಕೂ ನೀರು ಕುಡಿದು ಕುಡಿದು ತೂಕ ಜಾಸ್ತಿ ಮಾಡಿಕೊಂಡವರು. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಓಡುವವರಿಗೆ ಈ ಅಪಾಯ ಜಾಸ್ತಿ. ಕುಡಿಯಲು ಅಷ್ಟು ಹೊತ್ತು ಸಿಗುತ್ತದಲ್ಲ. ತಲೆನೋವು, ವಾಂತಿ, ಬೆರಳು ಊದಿ ಉಂಗುರ ಬಿಗಿಯಾಗುವುದು, ಮಾತು ತಡವರಿಸುವುದು ಕಂಡರೆ "ಪಾಪ ಸುಸ್ತಾಗಿದೆ, ಇನ್ನೊಂದು ಬಾಟಲ್ ಕೊಡಿ" ಅನ್ನಬೇಡಿ. ನೀರು ನಿಲ್ಲಿಸಿ ಮೆಡಿಕಲ್ ಟೆಂಟಿಗೆ ಕರೆದುಕೊಂಡು ಹೋಗಿ.

ಹೆಜ್ಜೆ 8: ಮತ್ತೆ ಟೆಸ್ಟ್ ಮಾಡಿಸುವಾಗ

ಇಡೀ ಪ್ಯಾಕೇಜ್ ಮತ್ತೆ ಮಾಡಿಸಿ ದುಡ್ಡು ಸುರಿಯಬೇಡಿ. ಕೆಂಪು ಬಂದ ಸಾಲುಗಳು, ಜೊತೆಗೆ ಸಿಪಿಕೆ ಮತ್ತು ಜಿಜಿಟಿ ಸಾಕು. ಲ್ಯಾಬು ಅದೇ ಇರಲಿ, ಹೊತ್ತೂ ಅದೇ. ಲ್ಯಾಬಿಂದ ಲ್ಯಾಬಿಗೆ ಗೆರೆಗಳು ಬೇರೆ ಇರುತ್ತವೆ. ವಿಶ್ರಾಂತಿಯಲ್ಲಿದ್ದಾಗ ನಿಮ್ಮ ಸ್ವಂತ ಸಂಖ್ಯೆಗಳು ಎಷ್ಟು ಅನ್ನುವುದನ್ನು ವರ್ಷಕ್ಕೊಮ್ಮೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪಕ್ಕದಲ್ಲಿ ಆ ವಾರದ ಕಿಲೋಮೀಟರ್. ನನ್ನ ಸಿಪಿಕೆ ಆರಾಮಾಗಿದ್ದಾಗಲೂ 230ರ ಹತ್ತಿರ. ಅದು ಗೊತ್ತಿರುವುದರಿಂದ ಈಗ 250 ಕಂಡರೆ ಅಮ್ಮನಿಗೆ ತೋರಿಸುವುದೇ ಇಲ್ಲ.

ಇನ್ಶೂರೆನ್ಸ್ ಮೆಡಿಕಲ್ ಟೆಸ್ಟಿನ ಬಗ್ಗೆ ಬೇರೆಯಾಗಿ ಹೇಳಬೇಕು. ಆಫೀಸಿನ ಚೆಕಪ್ಪಿನಲ್ಲಿ ಕೆಂಪು ಬಂದರೆ ಒಂದು ಫೋನ್ ಕಾಲ್, ಅಷ್ಟೆ. ಪಾಲಿಸಿಗೆ ಕೊಟ್ಟ ರಕ್ತದಲ್ಲಿ ಬಂದರೆ ಪ್ರೀಮಿಯಂ ಏರಬಹುದು, ಅರ್ಜಿ ಮುಂದಕ್ಕೆ ಹೋಗಬಹುದು. ಏಜೆಂಟ್ "ಸರ್, ನಾಳೆ ಬೆಳಿಗ್ಗೆನೇ ಕಳಿಸ್ತೀನಿ" ಅಂತ ಅವಸರ ಮಾಡುತ್ತಾರೆ. ರೇಸ್ ಹತ್ತಿರ ಇದ್ದರೆ ಓಟ ಮುಗಿದು ಎರಡು ವಾರ ಆಗಲಿ ಅನ್ನಿ. ದಿನ ಬದಲಿಸಿಕೊಡಿ ಅಂತ ಕೇಳುವುದರಲ್ಲಿ ಮುಚ್ಚುಮರೆ ಏನೂ ಇಲ್ಲ. ಆಗಲೇ ಕೊಟ್ಟು ಕೆಂಪು ಬಂದಿದ್ದರೆ, ಓಟದ ತಾರೀಖು ಬರೆದು, ಡಾಕ್ಟರ್ ಹತ್ತಿರ ಒಂದು ಚೀಟಿ ಬರೆಸಿ, ಮರುಪರೀಕ್ಷೆಗೆ ಕೇಳಿ. ಓಟದ ಫಿನಿಶರ್ ಸರ್ಟಿಫಿಕೇಟಿನ ಮೇಲೆ ತಾರೀಖು, ದೂರ ಎರಡೂ ಇರುತ್ತವೆ. ಅದರ ಒಂದು ಪ್ರತಿಯನ್ನೂ ಜೊತೆಗೆ ಲಗತ್ತಿಸಿ.